ಕಡಲ ಬದಿಯಲ್ಲಿ ಯಾರೂ ನಿಂತಿರಲಿಲ್ಲ

ಚಹಾದ ಮೊದಲ ಗುಟುಕು ನಾಲಗೆಗೆ ತಾಗಿದ್ದೇ ತಡ, ರತೀಶನಿಗೆ ಗ್ಲಾಸನ್ನು ಎದುರಿನ ಗೋಡೆಗೆ ಬಡಿಯಬೇಕೆನಿಸಿತು. ಉಪ್ಪು. ಕೋಟದ ಹೈವೇಯಿಂದ ಹೊಳೆಬದಿಗೆ ಇಳಿಯುವ ರಸ್ತೆಯ ತಿರುವಿನಲ್ಲಿ ನಾಗುವಿನ ಹೋಟೆಲು. ಅವಳ ಬಾವಿಗೂ ಬಂತು ಹಾಗಾದರೆ. ಅವನು ಗ್ಲಾಸು ಹಿಡಿದೇ ಕುಳಿತ. ಒಲೆಯ ಹಿಂದಿನಿಂದ ನಾಗು ಅವನ ಮುಖವನ್ನೇ ನೋಡುತ್ತಿದ್ದಳು. "ಎಂತ ಇಂಜಿನಿಯರ್ರೇ, ಕುಡಿನಿ. ಸಕ್ರಿ ನಾನ್ ಹಾಕ್ದದ್ದ್, ಉಪ್ಪ್ ನೀವ್ ಹಾಕ್ದದ್ದ್." ಬೆಂಚಿನ ಮೇಲಿದ್ದವರು ನಕ್ಕರು. ಒಬ್ಬನಂತೂ ಬಾಯಲ್ಲಿದ್ದ ಬನ್ಸಿನ ಚೂರು ಹಾರುವಷ್ಟು ನಕ್ಕ. ಆ ತಲೆಯ ಕೂದಲು ಹಿಡಿದು ಕಾಯುತ್ತಿದ್ದ ಎಣ್ಣೆಯ ಬಾಣಲೆಗೆ ಬಗ್ಗಿಸಿದರೆ ಹೇಗಿರುತ್ತದೆ ಎಂದು ರತೀಶ ಯೋಚಿಸಿದ. ಯೋಚನೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಕೈಬೆರಳಿಗೆ ಅವನ ಕೂದಲಿನ ಜಿಡ್ಡು ಹತ್ತಿದಂತಾಯಿತು. ಆದರೆ ಅವನು ಏನೂ ಮಾಡಲಿಲ್ಲ. ಚಹಾವನ್ನು ಒಂದೇ ಏಟಿಗೆ ಕುಡಿದ, ತಳದ ಗಸಿಯ ತನಕ, ಯಾರೋ ಬಾಯಿ ಹಿಡಿದು ಹೊಯ್ಯುತ್ತಿರುವ ಹಾಗೆ. ಕುಡಿದು, "ಲಾಯ್ಕ್ ಇತ್ತ್" ಎಂದ. ನಾಗುವಿನ ನಗು ನಿಂತಿತು. ಅವಳು ಸೌಟು ತೋರಿಸಿ ಹೇಳಿದಳು: "ಲಾಯ್ಕಿದ್ರೆ ಇನ್ನೊಂದ್ ಕುಡಿ ಮಗಾ. ನನ್ನ್ ಬಾವಿ ತುಂಬ ಇತ್ತ್."

ಅಷ್ಟು ಹೊತ್ತಿಗೆ ಹೊರಗೆ ಜೀಪಿನ ಹಾರ್ನ್ ಕೇಳಿ ಅವನು ಬದುಕಿಕೊಂಡ. ಬದುಕಿಕೊಂಡೆ ಅಂದುಕೊಂಡದ್ದಕ್ಕೆ ಮತ್ತೆ ಸಿಟ್ಟು ಬಂತು. ಯಾರಿಂದ ಬದುಕಿಕೊಳ್ಳಬೇಕು, ಒಂದು ಚಹಾದಂಗಡಿಯ ಹೆಂಗಸಿನಿಂದಲೋ? ಜೀಪಿನಲ್ಲಿ ವಿಜೇತಾ ಇದ್ದಳು. ಕಿಂಡಿ ಅಣೆಕಟ್ಟಿನ ಕೆಲಸ ಹಿಡಿದ ಕಂಪನಿಯಲ್ಲಿ ಅವಳು ಪ್ರಾಜೆಕ್ಟ್ ಮ್ಯಾನೇಜರು. ಬೈಂದೂರು ಕಡೆಯ ಹುಡುಗಿ, ಆದರೆ ಕೆಲಸದಲ್ಲಿ ಪುಸ್ತಕದ ಕನ್ನಡ. ಅವಳು ಅವನನ್ನು 'ನೀವು' ಎನ್ನುತ್ತಿದ್ದಳು. ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕದ ಮಾಷ್ಟ್ರು ಎಸೆದ ಡಸ್ಟರನ್ನು ತಿರುಗಿ ಅವರಿಗೇ ಎಸೆದು ಗೇಟು ದಾಟಿ ಬಂದ ಮೇಲೆ, ಅವನನ್ನು ಗೇಲಿಯಿಲ್ಲದೆ ನೀವು ಎಂದ ಮೊದಲ ಮನುಷ್ಯ ಅವಳು. ಅದಕ್ಕಾಗಿ ಅವನು ಅವಳ ಸೈಟಿನಲ್ಲಿ ಮೇಸ್ತ್ರಿಯಾಗಿ ನಾಯಿಯ ಹಾಗೆ ದುಡಿದಿದ್ದ. ಅದಕ್ಕಾಗಿಯೇ ಅವಳಿಗೆ ಸುಳ್ಳೂ ಹೇಳಿದ್ದ.

"ಜನ ಸೇರಿದ್ದಾರಂತೆ," ಎಂದಳು ವಿಜೇತಾ. "ಗಲಾಟೆ ಮಾಡ್ತಾರಾ?"

"ಮಾಡ್ದೆ ಇರ್ತ್ರಾ ಮೇಡಂ. ನೆಲಗಡ್ಲೆ ಪೂರಾ ಹೋಯ್ತಲ್ಲ."

ಜೀಪು ಬದುವಿನ ರಸ್ತೆಗೆ ಇಳಿದಾಗ ಅವನು ಕಣ್ಣು ಮುಚ್ಚಿಕೊಳ್ಳಲು ನೋಡಿದ, ಆಗಲಿಲ್ಲ. ಎರಡೂ ಬದಿಯಲ್ಲಿ ಗದ್ದೆಗಳು. ಹಸಿರಿರಬೇಕಾದ ಬಳ್ಳಿ ಬೀಡಿಯ ಎಲೆಯ ಬಣ್ಣಕ್ಕೆ ತಿರುಗಿ ನೆಲಕ್ಕೆ ಅಂಟಿತ್ತು. ತಗ್ಗಿನಲ್ಲಿ ನೀರು ಇಂಗಿದ ಜಾಗದಲ್ಲೆಲ್ಲ ಬಿಳಿಯ ಪೊರೆ, ಬೆವರು ಒಣಗಿದ ಬನಿಯನ್ನಿನ ಮೇಲೆ ಇರುತ್ತದಲ್ಲ, ಹಾಗೆ. ಹೊಳೆಗೆ ಅಡ್ಡವಾಗಿ ಅಣೆಕಟ್ಟು, ಅದರ ತುಂಬ ಕಿಂಡಿಗಳು. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಬೇಕು. ಮೇಲಿನ ಸಿಹಿನೀರು ಓಡಿಹೋಗಬಾರದು, ಹಂಗಾರಕಟ್ಟೆಯ ಅಳಿವೆಯಿಂದ ಉಬ್ಬರದಲ್ಲಿ ಏರಿ ಬರುವ ಕಡಲ ನೀರು ಒಳಗೆ ನುಗ್ಗಬಾರದು. ಇಷ್ಟು ವರ್ಷ ಎರಡು ಸಾಲು ಮರದ ಹಲಗೆ ಇಳಿಸಿ ನಡುವೆ ಜೇಡಿಮಣ್ಣು ತುಂಬಿ ತುಳಿಯುತ್ತಿದ್ದರು. ಈ ವರ್ಷ ಒಂದೇ ಸಾಲು ಫೈಬರ್ ಹಲಗೆ, ಅಂಚಿಗೆ ರಬ್ಬರು, ಬಿಗಿಯಲು ಬೋಲ್ಟು. ಮಣ್ಣು ಬೇಡ. ಮಣ್ಣು ಬೇಡ ಎಂಬ ಆ ಎರಡು ಶಬ್ದ ಕೇಳಿದ ದಿನ ಅವನಿಗೆ ಆದ ಸಂತೋಷ ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂ ಬಾರದು.

ಯಾಕೆಂದರೆ ಆ ಮಣ್ಣು ಸಿಗುವುದು ಊರಿನ ಹಿರಿಯ ರೈತ ಕುಷ್ಟನ ಗದ್ದೆಯಲ್ಲಿ ಮಾತ್ರ. ಬೇರೆಯವರದ್ದು ಮರಳು ಸೇರಿದ್ದು, ನೀರಿಗೆ ಬಿದ್ದರೆ ಕರಗುತ್ತದೆ. ಪ್ರತಿ ವರ್ಷ ಹಲಗೆ ಹಾಕುವ ಮುಂಚೆ ಒಬ್ಬ ಕುಷ್ಟನ ಅಂಗಳಕ್ಕೆ ಹೋಗಿ ಮಣ್ಣು ಕೇಳಬೇಕು, ಹಾಗೆ ನಡೆದುಕೊಂಡು ಬಂದದ್ದು. ಚಪ್ಪಲಿ ಹೊರಗೆ ಬಿಟ್ಟು, ತುಳಸಿಕಟ್ಟೆಯ ಈಚೆ ನಿಂತು. ಕುಷ್ಟ ಹಲ್ಲುಜ್ಜಿ, ಗಂಜಿ ಉಂಡು, ಎಲೆ ಹಾಕಿ, ಆಮೇಲೆ ತಲೆಯೆತ್ತಿ, "ಯಾರ್ ಅದ್?" ಎನ್ನುತ್ತಿದ್ದ, ಯಾರೆಂದು ಗೊತ್ತಿದ್ದೂ. "ನಾನ್, ರತೀಶ. ಮಣ್ಣಿಗ್ ಬಂದದ್ದ್." "ಮಣ್ಣಿಗಾ? ಶಾಲಿಗ್ ಹೋಪು ಹೊತ್ತಂಗೆ ಶಾಲಿಗ್ ಹೋಯ್ದಿರೆ ಈಗ ಮಣ್ಣಿಗ್ ಬಪ್ಪು ಕೆಲ್ಸ ಇತ್ತಾ ಮಗಾ? ಒಂಬತ್ತನೇ ಕ್ಲಾಸಂಗೆ ಎಂತ ಕಲ್ಸ್ತ್ರ್, ಬುಟ್ಟಿ ಹೊರೂದಾ?" ಒಳಗಿನಿಂದ ಸೊಸೆಯಂದಿರು ಕಿಸಿಕಿಸಿ ಎನ್ನುವುದು ಕೇಳಿಸುತ್ತಿತ್ತು. ಆಮೇಲೆ ಧಾರಾಳವಾಗಿ, "ಹೊತ್ಕಂಡ್ ಹೋಯ್ನಿ" ಎನ್ನುತ್ತಿದ್ದ. ಆ ಧಾರಾಳವೇ ಹೆಚ್ಚು ಉರಿಯುತ್ತಿತ್ತು. ಪ್ರತಿ ವರ್ಷವೂ ತಲೆಯ ಮೇಲಿನ ಬುಟ್ಟಿಯಿಂದ ಕೆಸರು ನೀರು ಕಣ್ಣಿಗೆ ಇಳಿಯುವಾಗ ರತೀಶ ಮನಸ್ಸಿನಲ್ಲೇ ಕುಷ್ಟನನ್ನು ಅದೇ ಮಣ್ಣಿನಲ್ಲಿ, ಎರಡು ಹಲಗೆಗಳ ನಡುವೆ ಹಾಕಿ ತುಳಿಯುತ್ತಿದ್ದ. ಮೊಣಕಾಲಿನ ತನಕ. ಸೊಂಟದ ತನಕ. ಬಾಯಿಯ ತನಕ.

"ರತೀಶ್, ನೀವು ಒಂದು ಕಿಂಡಿಯಲ್ಲಿ ಹಾಕಿ ನೋಡಿದ್ರಲ್ಲ?" ವಿಜೇತಾ ಕಿಟಕಿಯಿಂದ ಮುಖ ತಿರುಗಿಸಿ ಕೇಳಿದಳು. "ಅಮಾವಾಸ್ಯೆಯ ಉಬ್ಬರ ದಾಟಿಸಿ ನೋಡಿದ್ರಿ ಅಲ್ವಾ? ಅದು ನಿಂತಿತ್ತು ಅಂದ ಮೇಲೆ ಈಗ ಯಾಕೆ ಬಿಡ್ತು? ರಾತ್ರಿಯೆಲ್ಲ ಅದೇ ಯೋಚನೆ ನನಗೆ."

ಹಲಗೆ ಇಳಿಸುವ ಮುಂಚೆ ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಒಂದು ಕಿಂಡಿಗೆ ಮಾತ್ರ ಹೊಸದು ಹಾಕಿ, ಉಳಿದದ್ದಕ್ಕೆಲ್ಲ ಹಳೆಯ ಹಾಗೆ ಮಣ್ಣು ತುಂಬಿ. ಒಂದು ಅಮಾವಾಸ್ಯೆ ಹೋಗಲಿ. ಅಣೆಕಟ್ಟಿನ ಕಡಲ ಬದಿಯಲ್ಲಿ ಜನ ನಿಲ್ಲಿಸಿ. ಒಳಗಿನ ನೀರು ಬಾಯಿಗೆ ಹಾಕಿ ನೋಡಿ. ಫೋನಿನಲ್ಲಿ ಹೂಂ ಹೂಂ ಎಂದು ಕೇಳಿಸಿಕೊಂಡಿದ್ದ. ಆದರೆ ಅದರ ಹಿಂದಿನ ಸಂಜೆಯೇ ಕೋಟದ ಪೇಟೆಯಲ್ಲಿ ಕುಷ್ಟ ಎದುರಾಗಿ, "ಎಂತ ಮಗಾ, ಈ ಸಲ ಮಣ್ಣಿಗ್ ಬತ್ತಿಲ್ಯಾ?" ಎಂದು ಎಲ್ಲರ ಎದುರು ಕೇಳಿದ್ದಕ್ಕೆ ಅವನು, "ನಿಮ್ಮ್ ಮಣ್ಣ್ ನಿಮ್ಮ್ ತಲೆ ಮೇಲ್ ಹೊತ್ಕಣಿ, ನಮ್ಗ್ ಬ್ಯಾಡ" ಎಂದುಬಿಟ್ಟಿದ್ದ. ಎಂದೂ ತಿರುಗಿ ಮಾತಾಡದ ಬಾಯಿಯಿಂದ ಆ ಮಾತು ಬಂದಾಗ ಮೈಯೆಲ್ಲ ಜುಂ ಎಂದಿತ್ತು. ಹಾಗೆ ಹೇಳಿದವನು ಮರುದಿನ ಉಳಿದ ಕಿಂಡಿಗಳಿಗಾಗಿ ಮಣ್ಣು ಬೇಡಲು ಆ ಅಂಗಳಕ್ಕೆ ಹೋಗುವುದೇ? ಅವನು ಎಲ್ಲ ಕಿಂಡಿಗೂ ಹೊಸ ಹಲಗೆಯನ್ನೇ ಇಳಿಸಿದ. ಹೊಳೆ ಆಗ ತುಂಬಿತ್ತು. ಮೇಲಿನ ನೀರು ಹಲಗೆಯನ್ನು ರಬ್ಬರಿಗೆ ಒತ್ತಿ ಹಿಡಿದಿತ್ತು. ಒಂದು ಬೀಡಿ ಸೇದುವಷ್ಟು ಹೊತ್ತು ನಿಂತು ನೋಡಿದ. ಒಂದು ತೊಟ್ಟೂ ಇಲ್ಲ. ಮುಂದಿನ ಅಮಾವಾಸ್ಯೆಗೆ ಅವನು ಮರವಂತೆಯಲ್ಲಿ ಯಾರದೋ ಮದುವೆಯಲ್ಲಿದ್ದ. ಅಲ್ಲಿಂದಲೇ, ವಾಲಗದ ಸದ್ದಿನ ನಡುವೆ ಒಂದು ಕಿವಿ ಮುಚ್ಚಿಕೊಂಡು, "ಕಂಡ್ ಆಯ್ತ್ ಮೇಡಂ, ಒಂದ್ ತೊಟ್ಟ್ ಇಲ್ಲೆ" ಎಂದಿದ್ದ. "ಭಾರೀ ಒಳ್ಳೆದಾಯ್ತು ರತೀಶ್, ನೀವಿದ್ದೀರಿ ಅಂತ ನನಗೆ ಧೈರ್ಯ" ಎಂದಿದ್ದಳು. ಈಗ ಹೊಳೆ ಬತ್ತಿತು, ಮೇಲಿನ ಒತ್ತು ಇಲ್ಲ, ಈ ಸಲದ ಅಮಾವಾಸ್ಯೆಯ ಉಬ್ಬರ ಕೆಳಗಿನಿಂದ ತಳ್ಳಿತು, ಹಲಗೆ ರಬ್ಬರು ಬಿಟ್ಟು ಒಳಗೆ ಸರಿಯಿತು. ಅಷ್ಟೇ. ರಬ್ಬರಿರುವುದು ಒಂದೇ ಬದಿಗೆ. ಇದು ಅವನಿಗೆ ಉಪ್ಪು ಬಂದ ದಿನ ಬೆಳಿಗ್ಗೆಯೇ, ಹಲಗೆಯ ಸಂದಿಯಲ್ಲಿ ನೀರು ಒಳಗೆ ಚಿಮ್ಮುವುದನ್ನು ಕಂಡ ಕ್ಷಣದಲ್ಲೇ ಗೊತ್ತಾಗಿತ್ತು.

"ಬೋಲ್ಟ್," ಎಂದ ರತೀಶ. ಯಾರೋ ಬೇರೆಯವರು ಹೇಳಿದಂತಿತ್ತು. "ಅಡಿಬದಿ ಬೋಲ್ಟ್ ಲೂಸ್ ಆಯಿತ್ತ್ ಮೇಡಂ. ನೀರಡಿಗ್ ಮುಳ್ಗಿ ಅದನ್ ಬಿಗಿ ಮಾಡೂದ್ ಪಾಂಡು."

ವಿಜೇತಾಳ ಮುಖದಲ್ಲಿ ಬೆಳಕು ಬಂದದ್ದನ್ನು ಅವನು ನೋಡಿದ. "ಹಾಗಾದ್ರೆ ಡಿಸೈನ್ ತಪ್ಪಲ್ಲ! ಕೆಲಸದ ತಪ್ಪು. ದೇವ್ರೇ... ನಾಳೆ ಬೈಂದೂರಿನ ಕಡೆ ಅಣೆಕಟ್ಟಿಗೆ ಇದೇ ಹಲಗೆ ಇಳಿಸ್ಲಿಕ್ಕಿದೆ, ನಿಲ್ಲಿಸಬೇಕೋ ಅಂತ ಇದ್ದೆ. ಅಲ್ಲಿ ಬೋಲ್ಟ್ ನೀವೇ ನಿಂತು ನೋಡಿ ಬಿಗಿ ಮಾಡಿಸಿ." ಅವನು ಹೂಂ ಎಂದ. ಬೈಂದೂರು ಕಡೆಯ ಗದ್ದೆಗಳನ್ನು ಅವನು ನೋಡಿರಲಿಲ್ಲ. ನೋಡದ ಗದ್ದೆಗಳು, ನೋಡದ ಬಾವಿಗಳು. ಅಲ್ಲಿಯೂ ಒಬ್ಬಳು ನಾಗು ಇರುತ್ತಾಳೆ, ಒಲೆಯ ಹಿಂದೆ. ಜೀಪು ನಿಂತಿತು.

ಅಣೆಕಟ್ಟಿನ ಮೇಲೆ ಜನ. ಮುಂದೆ ಕುಷ್ಟ, ಹೆಗಲ ಮೇಲೆ ಮೈ ಒರೆಸುವ ಬೈರಾಸು, ಕೈಯಲ್ಲಿ ಬುಡಸಮೇತ ಕಿತ್ತ ಒಂದು ನೆಲಗಡಲೆ ಗಿಡ. ಮುದುಕ ಬೈಯುತ್ತಾನೆ ಎಂದುಕೊಂಡು ರತೀಶ ಹಲ್ಲು ಕಚ್ಚಿದ್ದ. ಕುಷ್ಟ ಬೈಯಲಿಲ್ಲ. ಗಿಡವನ್ನು ವಿಜೇತಾಳ ಕೈಗೆ ಕೊಟ್ಟು, "ತಿಂದ್ ಕಾಣಿ ಅಮ್ಮ" ಎಂದ, ಅಷ್ಟೇ. ಅವನ ಕಣ್ಣಿನ ಅಂಚು ಕೆಂಪಗಿತ್ತು. ಅತ್ತ ಕೆಂಪೋ ನಿದ್ದೆಗೆಟ್ಟ ಕೆಂಪೋ. ಅದನ್ನು ನೋಡಿ ರತೀಶನಿಗೆ ಆದದ್ದು ಕನಿಕರವಲ್ಲ, ಮೋಸಹೋದ ಭಾವ: ಇಷ್ಟು ವರ್ಷ ತುಳಿಯಲು ಕಾದಿಟ್ಟುಕೊಂಡಿದ್ದ ಮನುಷ್ಯ ಇವನಲ್ಲ. ಇವನು ಯಾರೋ ಮುದುಕ.

ಪಾಂಡು ನೀರಿನಲ್ಲಿದ್ದ. ಬೆಳಿಗ್ಗೆಯಿಂದ ಮುಳುಗಿ ಮುಳುಗಿ ಅಡಿಯ ಬೋಲ್ಟುಗಳನ್ನು ಮುಟ್ಟಿ ನೋಡುತ್ತಿದ್ದನಂತೆ, ಯಾರೂ ಹೇಳದೆ. ಮೀನುಗಾರರ ಪೈಕಿಯವ, ರತೀಶನಿಗಿಂತ ಎಷ್ಟೋ ದೊಡ್ಡವ, ಅವನಿಗೆ ಮುಳುಗುವುದನ್ನು ಕಲಿಸಿದವ. ತಲೆ ನೀರಿನ ಮೇಲೆ ಬಂದಾಗ ಉಸಿರು ಎಳೆದು ನಗುವ ಅಭ್ಯಾಸ ಅವನಿಗೆ. ಈಗಲೂ ನಕ್ಕ. "ಹ್ವಾಯ್ ರತೀಶ, ಬಂದ್ಯಾ? ಎಲ್ಲಾ ಗಟ್ಟಿಯೇ ಇತ್ತಲಾ ಮಾರಾಯ. ಎಂತಕ್ ಬಿಟ್ಟದ್ದ್ ಅಂದೇ ಗೊತ್ತಾತಿಲ್ಲೆ."

ವಿಜೇತಾ ಗಂಟಲು ಸರಿಮಾಡಿಕೊಂಡು ಹೇಳಿದಳು: ಹಲಗೆಯದ್ದು ತಪ್ಪಲ್ಲ, ಪರೀಕ್ಷೆ ಮಾಡಿಯೇ ಹಾಕಿದ್ದು, ಬೋಲ್ಟು ಬಿಗಿ ಮಾಡುವುದರಲ್ಲಿ ಕೆಲಸದವರಿಂದ ಬಿಟ್ಟುಹೋಗಿದೆ, ಪರಿಹಾರಕ್ಕೆ ಕಂಪನಿ... ಮಾತು ಮುಗಿಸಲು ಬಿಡಲಿಲ್ಲ. "ಯಾರ್ ಬಿಗಿ ಮಾಡ್ದದ್ದ್?" ಎಂದಿತು ಒಂದು ಗಂಟಲು. ಯಾರೂ ಬೆರಳು ತೋರಿಸಲಿಲ್ಲ. ರತೀಶ ನೀರಿನ ಕಡೆ ನೋಡಿದ, ಅಷ್ಟೇ ಮಾಡಿದ್ದು. ಎಲ್ಲರೂ ಅವನ ಕಣ್ಣು ಹೋದಲ್ಲಿಗೆ ನೋಡಿದರು.

ಪಾಂಡುವನ್ನು ತೋಳು ಹಿಡಿದು ಮೇಲೆಳೆದರು. ಮೊದಲ ಪೆಟ್ಟು ಕೊಟ್ಟದ್ದು ಬೆಂಚಿನ ಮೇಲೆ ಬನ್ಸ್ ತಿನ್ನುತ್ತಿದ್ದವನೋ, ಅವನಂಥವನೋ. ಒದ್ದೆ ಕೆನ್ನೆಯ ಮೇಲೆ ಬಿದ್ದ ಪೆಟ್ಟಿಗೆ ಬಟ್ಟೆ ಒಗೆದ ಹಾಗೆ ಸದ್ದಾಯಿತು. "ನಿನ್ನ್ ಕೈ ಕಡ್ದ್ ಹಾಕ್ಕ್! ಮಕ್ಳ್ ಕುಡೂ ನೀರ್ ಅದ್!" ಇನ್ನೊಬ್ಬ ಹೊಟ್ಟೆಗೆ ಒದ್ದ. ವಿಜೇತಾ, "ಏ, ಏನ್ ಮಾಡ್ತಿದ್ದೀರಿ, ಬಿಡಿ" ಎಂದು ಕಿರುಚುತ್ತಿದ್ದಳು. ಪಾಂಡು ಕೈ ಮುಗಿದು, "ನಂಗ್ ಗೊತ್ತಿಲ್ಲ ಒಡೇರೇ, ನಾನ್ ಬಿಗಿ ಮಾಡಿದ್ದೆ" ಎನ್ನುತ್ತಿದ್ದವನು ಗುಂಪಿನ ಸಂದಿಯಲ್ಲಿ ರತೀಶನನ್ನು ಕಂಡು, ಕಂಡದ್ದೇ ಧೈರ್ಯ ಬಂದವನಂತೆ, "ಇವ್ನ ಕೇಣಿ! ರತೀಶನ ಕೇಣಿ, ಅವ ಇದ್ದಿದ್ದ, ಅವ್ನಿಗ್ ಎಲ್ಲಾ ಗೊತ್ತಿತ್ತ್!" ಎಂದು ಕೂಗಿದ. ಎಲ್ಲರೂ ತಿರುಗಿದರು. ರತೀಶನ ಕಿವಿಯೊಳಗೆ ಏನೋ ತುಂಬಿಕೊಂಡಿತು. ಅವನಿಗೆ ಎಲ್ಲಾ ಗೊತ್ತಿತ್ತು. ಆ ಬಾಯಿ ಮುಚ್ಚಬೇಕಿತ್ತು. ಇನ್ನೊಂದು ಶಬ್ದ ಅದರಿಂದ ಹೊರಡಬಾರದಿತ್ತು.

ಗುಂಪು ಸೀಳಿ ಹೋದದ್ದು ಅವನಿಗೆ ಗೊತ್ತಿಲ್ಲ. ಕಟ್ಟೆಯ ಮೇಲಿದ್ದ ಬೋಲ್ಟು ಬಿಗಿಯುವ ಪಾನಾ ಕೈಗೆ ಬಂದದ್ದೂ ಗೊತ್ತಿಲ್ಲ. "ಸುಳ್ಳ್ ಹೇಳ್ತ್ಯಾ! ಮಾಡೂದೆಲ್ಲಾ ಮಾಡಿ ನನ್ನ್ ಹೆಸ್ರ್ ಹೇಳ್ತ್ಯಾ!" ಎಂದು ಅರಚಿದ ಧ್ವನಿ ಅವನದ್ದೇ. ಮೊದಲ ಏಟು ಭುಜದ ಮೇಲೆ. ಒಳಗೆ ಏನೋ ಲಟಕ್ ಎಂದದ್ದು ಪಾನಾದ ಕಬ್ಬಿಣದ ಮೂಲಕ ಅವನ ಅಂಗೈಗೆ ತಿಳಿಯಿತು. ಎರಡನೆಯದು ಬಾಯಿಗೆ, ಮುಷ್ಟಿಯಲ್ಲಿ. ಹಲ್ಲು ತಾಗಿ ಅವನ ಗೆಣ್ಣು ಸೀಳಿತು. ಬಿದ್ದವನ ಮೇಲೆ ಕೂತು ಹೊಡೆದ. ಹೊಡೆಯುವಾಗ ಲೆಕ್ಕದ ಮಾಷ್ಟ್ರಿಗೆ ಹೊಡೆದ, ಕುಷ್ಟನ ಅಂಗಳಕ್ಕೆ ಹೊಡೆದ, ಒಳಗಿನ ಕಿಸಿಕಿಸಿಗೆ ಹೊಡೆದ, ಮದುವೆಮನೆಯಲ್ಲಿ ಒಂದು ಕಿವಿ ಮುಚ್ಚಿ ಫೋನಿನಲ್ಲಿ ಮಾತಾಡುತ್ತಿದ್ದ ಬಿಳಿ ಅಂಗಿಯವನಿಗೆ ಹೊಡೆದ, ಆದರೆ ಕೈಯಡಿಗೆ ಸಿಗುತ್ತಿದ್ದದ್ದು ಪಾಂಡುವಿನ ಮುಖವೊಂದೇ. ಎಷ್ಟು ಚೆನ್ನಾಗಿ ಹೊಡೆದನೆಂದರೆ ಹೊಡೆಯುತ್ತಿದ್ದವರು ಹಿಂದೆ ಸರಿದು ನಿಂತರು. ಕೊನೆಗೆ ಅವನನ್ನು ಹಿಡಿದು ಎಳೆದದ್ದು ಕುಷ್ಟ. "ಸಾಕ್, ಸಾಕ್ ಮಗಾ. ಸಾಯ್ತ. ನೀನಾರೂ ನಮ್ಮ್ ಬದಿಗ್ ಇದ್ಯಲೆ, ಸಾಕ್." ಮುದುಕನ ಕೈ ಅವನ ಬೆನ್ನ ಮೇಲೆ ಆಡುತ್ತಿತ್ತು. ಇದುವರೆಗೆ ಆ ಕೈ ಅವನನ್ನು ಮುಟ್ಟಿರಲಿಲ್ಲ. ರತೀಶ ಅಲ್ಲಿಯೇ, ಕಟ್ಟೆಯ ಅಂಚಿಗೆ ಬಗ್ಗಿ, ಕುಡಿದ ಚಹಾವನ್ನೆಲ್ಲ ಹೊಳೆಗೆ ಕಾರಿದ.

ಪಾಂಡುವನ್ನು ಜೀಪಿನಲ್ಲೇ ಕುಂದಾಪುರಕ್ಕೆ ತಂದರು. ಕೋಟೇಶ್ವರ ದಾಟುವಾಗ ಪಾಂಡುವಿನ ತಲೆ ವಾಲಿ ವಾಲಿ ರತೀಶನ ಹೆಗಲಿಗೆ ಬಂದು ನಿಂತಿತು. ತಳ್ಳಲಾಗಲಿಲ್ಲ. ಅಂಗಿಗೆ ಬೆಚ್ಚಗೆ ಏನೋ ಹತ್ತುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಯಾರು ಹೊಡೆದದ್ದು ಎಂದು ಕೇಳಿದಾಗ ಪಾಂಡು ಊದಿದ ತುಟಿಯಲ್ಲಿ, "ಪಾಚಿ ಇದ್ದಿತ್ತ್, ಜಾರಿ ಬಿದ್ದೆ" ಎಂದ. ಡಾಕ್ಟರು ರತೀಶನ ಸೀಳಿದ ಗೆಣ್ಣನ್ನು ನೋಡಿ, "ನೀನೂ ಜಾರಿದ್ದಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಎಕ್ಸ್‌ರೇಗೆ ಕಳಿಸಿದರು. ವಿಜೇತಾಳಿಗೆ ಫೋನು ಬಂತು, ಅವಳು ಜೀಪು ಹತ್ತಿ ಹೋದಳು. ಬೈಂದೂರಿಗೆ. ನಾಳೆಯ ಕೆಲಸಕ್ಕೆ.

ಜಗಲಿಯ ಬೆಂಚಿನಲ್ಲಿ ಅವನು ಬಹಳ ಹೊತ್ತು ಕುಳಿತ. ಎದುರಿಗೆ ಒಂದು ಹೆಂಗಸು ಮಗುವಿನ ಬಾಯಿಗೆ ಬಾಟಲಿಯಿಂದ ನೀರು ಹೊಯ್ಯುತ್ತಿದ್ದಳು. ಮಗು ಗಟಗಟ ಕುಡಿಯುತ್ತಿತ್ತು, ಒಂದು ಅನುಮಾನವೂ ಇಲ್ಲದೆ. ಅವನು ಎದ್ದು ಹೊರಗೆ ಬಂದು ಫೋನು ಒತ್ತಿದ. ವಿಜೇತಾ ಎತ್ತಿದ್ದೇ ಹೇಳಿದ, ನಿಲ್ಲಿಸದೆ, ಉಸಿರು ತೆಗೆದರೆ ಮಾತು ಸತ್ತುಹೋಗುತ್ತದೆ ಎಂಬಂತೆ: "ಬೋಲ್ಟ್ ಅಲ್ಲ ಮೇಡಂ. ನಾನ್ ಅಮಾಸಿಗ್ ಕಾಣ್ಲೇ ಇಲ್ಲೆ. ಒಂದ್ ಕಿಂಡಿಗಲ್ಲ, ಎಲ್ಲದಕ್ಕೂ ಒಟ್ಟಿಗೇ ಹಾಕ್ದದ್ದ್. ಕಡಲ್ ಬದಿಗ್ ಯಾರನ್ನೂ ನಿಲ್ಸ್‌ಲಿಲ್ಲ. ಆ ರಬ್ಬರ್ ಒಂದೇ ಬದಿಗ್ ಹಿಡಿತ್ತ್, ಕಡಲ್ ದೂಡಿರೆ ಬಿಡತ್ತ್. ಬೈಂದೂರಂಗೆ ಹಾಕ್ಬೇಡಿ."

ಲಾರಿಗಳ ಸದ್ದಿನ ನಡುವೆ ಅವಳ ಧ್ವನಿ ಬಂತು, ಪುಸ್ತಕದ ಕನ್ನಡವೆಲ್ಲ ಕಳಚಿಹೋದ ಧ್ವನಿ. "ಇದನ್ನ್ ಹೊತಾರೆ ಜೀಪಂಗೆ ಹೇಳುಕೆ ನಿಂಗ್ ಬಾಯಿ ಇರ್ಲಿಲ್ಯನಾ?"

ಅವನು ಗೆಣ್ಣಿನ ರಕ್ತವನ್ನು ಅಂಗಿಗೆ ಒರೆಸಿಕೊಂಡ.

"ನಾನ್ ಅಷ್ಟ್ ಜನರೆದ್ರ್ ನಿಂತ್ಕಂಡ್ ಆ ಮನ್ಷನ ಹೆಸ್ರಿಗ್ ಹಾಕ್ದೆ. ನಾಳೆಯಿಂದ ಸೈಟ್ ಬದಿಗ್ ಕಾಂಬುಕಾಗ ನೀನ್." ಮತ್ತೆ, ಸುಸ್ತಾದವಳಂತೆ ಹೇಳಿದಳು: "ಬೈಂದೂರಿನದ್ದು ನಿಲ್ಲಿಸ್ತೇನೆ."

ಹೋಯಿತು. ಕೆಲಸ ಹೋಯಿತು, 'ನೀವು' ಹೋಯಿತು. ವಿಚಿತ್ರವೆಂದರೆ ಮೈ ಹಗುರಾಯಿತು. ಇನ್ನು ಒಬ್ಬನಿಗೆ ಹೇಳಿದರೆ ಮುಗಿಯಿತು. ಆ ಒಬ್ಬ ಎದ್ದು ಬಂದು ಅವನ ಮುಖಕ್ಕೆ ಉಗಿಯಲಿ, ನೆಟ್ಟಗಿರುವ ಒಂದು ಕೈಯಿಂದ ಹೊಡೆಯಲಿ, ಬೇಕಾದರೆ ಪೊಲೀಸರನ್ನು ಕರೆಸಲಿ. ಅವನು ಹೆಚ್ಚುಕಡಿಮೆ ಓಡಿಕೊಂಡೇ ವಾರ್ಡಿಗೆ ಬಂದ. ಪಾಂಡುವಿನ ಭುಜಕ್ಕೆ ಪಟ್ಟಿ ಸುತ್ತಿ ಮಲಗಿಸಿದ್ದರು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಇನ್ನೊಂದು ಅವನನ್ನು ನೋಡಿ ಅರಳಿತು.

"ಬಂದ್ಯಾ. ಕೂಕೋ," ಎಂದ ಪಾಂಡು. "ನಂಗ್ ನಿನ್ ಮೇಲ್ ಸಿಟ್ಟಿಲ್ಲೆ ಕಾಣ್. ನೀ ಹೊಡ್ದದ್ದ್ ಸಮವೇ. ಜನರ ಅನ್ನ ಹಾಳ್ ಮಾಡ್ರೆ ಯಾರ್ ಬಿಡ್ತ್ರ್? ನೀರಡಿಗೆ ಚಳಿಗೆ ಬೆರ್ಳ್ ಮರಗಟ್ತಿತ್ತ್ ಮಾರಾಯ. ಗಟ್ಟಿ ಆಯ್ತ್ ಅಂದ್ಕಂಡೆ. ಆಯಿರ್ಲಿಲ್ಲ ಕಾಣತ್ತ್."

"ಬೋಲ್ಟ್ ಅಲ್ಲ ಪಾಂಡು. ನಾನೇ. ನಾನ್ ಕಾಣ್ದೆ ಎಲ್ಲದಕ್ಕೂ ಹಾಕ್ದದ್ದ್. ಮೇಡಂಗೂ ಹೇಳ್ದೆ ಈಗ. ಕೆಲ್ಸದಿಂದ ತೆಗ್ದ್ರ್ ನನ್ನ."

ಪಾಂಡುವಿನ ತೆರೆದ ಕಣ್ಣು ಅವನ ಮುಖದ ಮೇಲೆ ನಿಂತಿತು. ಅದರಲ್ಲಿ ನೀರು ತುಂಬಿಕೊಂಡದ್ದನ್ನು ನೋಡಿ ರತೀಶ ಈಗ ಬರುತ್ತದೆ, ಈಗ ಉಗಿಯುತ್ತಾನೆ ಎಂದು ಮುಖವನ್ನು ಹತ್ತಿರ ಒಯ್ದ.

"ನಂಗೋಸ್ಕರ ನಿನ್ ಮೇಲ್ ಹಾಕ್ಕಂಡ್ಯಾ?" ಎಂದ ಪಾಂಡು. "ಎಂತಕ್ ಮಾರಾಯ? ಹೊಡ್ದದ್ದಕ್ಕೆ ಬೇಜಾರಾಯ್ತಾ ನಿಂಗೆ? ಪಾಪ."

"ಅಲ್ಲ ಮಾರಾಯ! ನಾನೇ ಮಾಡ್ದದ್ದ್ ಅಂದೆ!"

"ಆಯ್ತ್, ಆಯ್ತ್. ನಿನ್ನ್ ಬುದ್ಧಿ ನಂಗ್ ಗೊತ್ತಿಲ್ಯಾ. ಸಣ್ಣ್ ಹುಡ್ಗ ಇಪ್ಪತಿಗೂ ಹಾಂಗೇ ನೀನ್." ಅವನು ನೆಟ್ಟಗಿದ್ದ ಕೈಯನ್ನು ಎತ್ತಿ ರತೀಶನ ಸೀಳಿದ ಗೆಣ್ಣಿನ ಮೇಲೆ ಇಟ್ಟ. "ಇದಕ್ ಮದ್ದ್ ಹಾಕ್ಸ್ಕಂಡ್ಯಾ?"

ರತೀಶ ಕೈ ಕಿತ್ತುಕೊಂಡ. ಪಕ್ಕದ ಮಂಚದವರು ತಿರುಗಿ ನೋಡುತ್ತಿದ್ದರು. ಅವನು ಮತ್ತೆ ಹೇಳಿದ, ಮೊದಲಿನಿಂದ, ಕುಷ್ಟನ ಅಂಗಳ, ಪೇಟೆಯ ಮಾತು, ಮದುವೆಮನೆಯ ಫೋನು, ಒಂದನ್ನೂ ಬಿಡದೆ. ಹೇಳುತ್ತ ಹೇಳುತ್ತ ದನಿ ಏರಿತು. ಪಾಂಡು ತಲೆಯಾಡಿಸುತ್ತ ಕೇಳಿದ, ಜ್ವರ ಬಂದ ಮಗುವಿನ ಮಾತು ಕೇಳುವವರ ಹಾಗೆ. ಆ ತಲೆ ಆಡುವುದನ್ನು ನಿಲ್ಲಿಸಬೇಕಿತ್ತು. "ನಂಬ್ತ್ಯಾ ಇಲ್ಯಾ? ಹೇಳ್, ನಂಬ್ತ್ಯಾ ಇಲ್ಯಾ?" ಎಂದು ಅವನು ಎರಡೂ ಕೈಯಿಂದ ಪಾಂಡುವಿನ ಭುಜ ಹಿಡಿದು, ಪಟ್ಟಿ ಸುತ್ತಿದ ಭುಜವನ್ನೂ ಸೇರಿಸಿ, ಮಂಚ ಗೋಡೆಗೆ ಬಡಿಯುವಂತೆ ಅಲುಗಿಸಿದ. ನರ್ಸು ಓಡಿ ಬರುತ್ತಿದ್ದಳು. ಯಾರೋ ಹಿಂದಿನಿಂದ ಅವನ ಅಂಗಿ ಹಿಡಿದರು. ಪಾಂಡುವಿನ ಬಾಯಿ ನೋವಿಗೆ ತೆರೆಯಿತು, ಮೊದಲು ಸದ್ದೇ ಬರಲಿಲ್ಲ, ಆಮೇಲೆ ಬಂತು.

"ನೀನೇ, ನೀನೇ ಮಾಡ್ದದ್ದ್. ನಂಬ್ದೆ ಮಾರಾಯ, ಕೈ ಬಿಡ್, ನೋವಾತ್ತ್."